ಕೆರೆಯಂಗಳದಲ್ಲಿ ನಮ್ಮತ್ತೆಯ ಕುರಿಯುದ್ಧ

ನಮ್ಮ ಸೋದರತ್ತೆ ಒಂದು ಕಡೆ ಕೂತದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ! ಊಟ ನಿಂತೇ ಆಗಬೇಕು, ಚಹಾ ಅಡ್ಡಾಡುತ್ತಲೇ ಕುಡಿಯಬೇಕು. ಹಾಲಹರವಿ ಕಡೆಯ ಒಂದು ಹಳ್ಳಿಯಲ್ಲಿ ಅವಳ ಮನೆ, ಅವಳ ಹನ್ನೊಂದು ಆಕಳು. ಆದೋನಿಯಿಂದ ನಾನು ಹೋದಾಗಲೆಲ್ಲ ಯೋಗಕ್ಷೇಮವನ್ನು ಅವಳ ಹಿಂದೆ ಓಡುತ್ತಲೇ ವಿಚಾರಿಸಬೇಕು.

ಈ ಚಡಪಡಿಕೆಗೆ ಕಾರಣ ಕುರಿ. ಒಂದಲ್ಲ, ನೂರಿಪ್ಪತ್ತು! ಅವುಗಳ ಒಡೆಯ ಅದೇ ಊರಿನ ಕುರಿಗಾರ. ಊರ ಹೊರಗಿನ ಕೆರೆಯಲ್ಲಿ ನೀರು ಇಳಿದ ಮೇಲೆ ಅಂಗಳದ ತುಂಬ ಹುಲ್ಲು ಚಿಗುರುತ್ತದೆ. ಅವಳ ಆಕಳಿಗೂ ಅವನ ಕುರಿಗೂ ಹಸಿಮೇವು ಅಂದರೆ ಅದೊಂದೇ.

"ನನ್ನ ಆಕಳ ಮರ್ಯಾದಿಲೆ ನಾಲಿಗಿ ಸುತ್ತಿ ತಿಂತಾವ. ನಿನ್ನ ಕುರಿ ನೆಲಾನ ಬೋಳಿಸ್ತಾವ!" ಎಂದು ಅತ್ತೆ.

"ಯಕ್ಕಾ, ನಿನ್ನ ಆಕಳ ತಿಂದದ್ದಕ್ಕಿಂತ ತುಳಿದದ್ದ ಹೆಚ್ಚೈತಿ" ಎಂದು ಅವನು.

ಎರಡೂ ನಿಜ. ಆದರೆ ಅತ್ತೆಯೆದುರು ಎರಡನೆಯ ನಿಜ ಹೇಳಿ ಊರಲ್ಲಿ ಉಳಿಯುವುದುಂಟೇ?

ಒಮ್ಮೆ ಅತ್ತೆ ಒಲೆಯ ಬೂದಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ ಕೆರೆಯಂಗಳದ ನಡುವೆ ಉದ್ದಕ್ಕೂ ಗಡಿ ಎಳೆದಳು. ಅರ್ಧ ತಾಸಿನಲ್ಲಿ ಕುರಿಗಳು ಅದನ್ನು ದಾಟಿದವು. ಕೇಳಿದ್ದಕ್ಕೆ ಕುರಿಗಾರ, "ನನ್ನ ಕುರಿ ಇಸ್ಕೂಲಿಗೆ ಹೋಗಿಲ್ಲಕ್ಕ" ಎಂದ. ಅಷ್ಟರಲ್ಲಿ ಅತ್ತೆಯ ಹಿರಿಯ ಆಕಳು ಬಂದು, ಅರ್ಧ ಮೈ ಆಚೆ ಅರ್ಧ ಮೈ ಈಚೆ, ಗಡಿಯ ಮೇಲೆಯೇ ಮಲಗಿಬಿಟ್ಟಿತು! ಅತ್ತೆ ಸೋಲುವವಳೇ? "ಅದು ಕಾವಲಿಗೆ ಕುಂತೈತಿ!" ಎಂದಳು.

ಕೊನೆಗೆ ಊರ ಹಿರಿಯರು ಕಟ್ಟೆಗೆ ಕರೆಸಿ ಒಪ್ಪಂದ ಮಾಡಿಸಿದರು: ಮಧ್ಯಾಹ್ನದವರೆಗೆ ಆಕಳು, ಆಮೇಲೆ ಕುರಿ. "ಸರೇ, ಸರೇ" ಎಂದು ಇಬ್ಬರೂ ತಲೆಯಾಡಿಸಿದರು. ಮರುದಿನವೇ ಮೋಡ ಕವಿಯಬೇಕೇ!

"ಸೂರ್ಯ ಎಲ್ಲಿ ಅದಾನ ತೋರ್ಸು. ನೆತ್ತಿ ಮ್ಯಾಲೆ ಕಂಡ ಮ್ಯಾಲೆ ಮಧ್ಯಾಹ್ನ" ಎಂದಳು ಅತ್ತೆ.

ಅವನು ಕೈಗಡಿಯಾರ ಮುಂದೆ ಹಿಡಿದ. "ಹನ್ನೆರಡೂವರಿ ಆಗೈತಿ, ನೋಡಕ್ಕ."

"ನಿನ್ನ ವಾಚು ಕುರಿ ಪಾರ್ಟಿ!"

ಆ ದಿನ ಆ ಊರ ಸೀಮೆಯಲ್ಲಿ ಮಧ್ಯಾಹ್ನ ಆಗಲೇ ಇಲ್ಲ.

ಕಳೆದ ಸಲ ನಾನು ಹೋದಾಗ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಮನೆಯಂಗಳ ಸುತ್ತುತ್ತಿದ್ದಳು. ಕುರಿಗಾರ ಕೂತಿದ್ದ ಆಟೋ ಮಗುಚಿ ಅವನ ಕಾಲು ಮುರಿದಿತ್ತು. ಅವನು ಆದೋನಿಯ ಆಸ್ಪತ್ರೆಯಲ್ಲಿ, ಹೆಂಡತಿ ಅವನ ಹತ್ತಿರ. ಮೂರು ದಿನದಿಂದ ಕುರಿಗಳು ದೊಡ್ಡಿಯಲ್ಲೇ ಇದ್ದವು. ಅಕ್ಕಪಕ್ಕದವರು ಹಾಕಿದ ಒಣಸೊಪ್ಪೆಗೆ ಬಾಯಿ ಹಚ್ಚದೆ ಒಂದೇ ಸಮನೆ ಅರಚುತ್ತಿದ್ದವು.

"ಇನ್ನ ಕೇಳಾಕ ಆಗಂಗಿಲ್ಲ, ನಡಿ!" ಎಂದವಳೇ ಹೋಗಿ ದೊಡ್ಡಿಯ ಮುಳ್ಳಿನ ಬಾಗಿಲು ಸರಿಸಿಬಿಟ್ಟಳು.

ಕೆರೆಗೆ ಹೋಗಬೇಕಾದ ಕುರಿಗಳು ಯಾರದೋ ಹತ್ತಿ ಹೊಲದ ಕಡೆ ನುಗ್ಗಿದವು! ಅತ್ತೆ ಆಕಳನ್ನು ಕರೆಯುವ ಹಾಗೆ "ಬಾ ಬಾ" ಎಂದಷ್ಟೂ ಅವು ದೂರ ಓಡಿದವು. ಸೀರೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆ ಓಡುತ್ತಲೇ ನನಗೆ ಕೂಗಿದಳು: "ಅವನ ಹೆಂಡ್ತಿಗೆ ಫೋನ್ ಹಚ್ಚು, ಲಗೂನ!" ಆ ನಂಬರು ಅವಳಿಗೆ ಬಾಯಿಪಾಠ. ಜಗಳಕ್ಕೆ ಬೇಕಲ್ಲ!

ಹೆಂಡತಿ ಫೋನನ್ನು ಗಂಡನ ಕೈಗೆ ಕೊಟ್ಟಳು; ಸಂಗತಿ ಹೇಳಿ, ಸ್ಪೀಕರ್ ಹಾಕಿ ನನ್ನ ಫೋನನ್ನು ಮೇಲೆ ಎತ್ತಿ ಹಿಡಿದೆ. "ಹುರ್ರ್... ಹೋಯ್... ಹೋಯ್..." ಎಂದು ಕುರಿಗಾರನ ದನಿ. ನೂರಿಪ್ಪತ್ತು ತಲೆಗಳು ಒಟ್ಟಿಗೆ ತಿರುಗಿದವು. ನಾನು ಫೋನ್ ಹಿಡಿದು ಕೆರೆಯತ್ತ ನಡೆದೆ. ಆ ದನಿಯ ಬೆನ್ನು ಹತ್ತಿ ಅವೂ ಕೆರೆಯಂಗಳಕ್ಕೆ ಬಂದು, ತಲೆ ತಗ್ಗಿಸಿ ಮೇಯತೊಡಗಿದವು.

ಫೋನ್ ಇಡಲು ಹೋದೆ. ಅತ್ತೆ ತಡೆದಳು. ಆ ಕಡೆಯಿಂದ ಕುರಿಗಾರ ಕೇಳಿದ: "ಮೇಯಾಕ ಹತ್ಯಾವೇನಕ್ಕ?"

"ಹೂಂ, ಮೇಯಾಕ ಹತ್ಯಾವ."

"ನಿನ್ನ ಆಕಳ ಎಲ್ಲದಾವ?"

"ಮನ್ಯಾಗ ಅದಾವ. ನೀ ಎದ್ದು ಬರೋತನ ಒಣಮೇವು ತಿನ್ಲಿ."

ಅವನು ಮೂಗು ಎಳೆದುಕೊಂಡದ್ದು ಕೇಳಿಸಿತು. ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಹಿಂಡಿನ ನಡುವೆ ಹೋದಳು. ಕುರಿಗಳ ಕೊರಳ ಗಂಟೆ, ಹುಲ್ಲು ಹರಿಯುವ ಸದ್ದು ಎಲ್ಲ ಅವನಿಗೆ ಕೇಳಲಿ ಎಂದು ಬಗ್ಗಿ ಕೈಚಾಚಿ ಹಿಡಿದಳು.

"ನಿನ್ನ ಕೈ ನೋಯ್ತೈತಿ, ಇಲ್ಲಿ ಕೊಡು ಅತ್ತಿ" ಎಂದೆ.

ಕೊಡಲಿಲ್ಲ. ಇನ್ನೊಂದು ಕೈಗೆ ಬದಲಿಸಿಕೊಂಡಳು.