ಏಳೂವರೆಗೆ ಇಳಿಯದ ನೀರಿನವರ ಸನ್ನಿಧಾನಕ್ಕೆ

ಶ್ರೀರಂಗಪಟ್ಟಣ
ಏಪ್ರಿಲ್ 1996

ಗೆ,
ನಮ್ಮ ಲಾಡ್ಜಿನ ಹಿತ್ತಿಲಲ್ಲಿ ನೀಲಿ ಟೈಲ್ಸಿನ ಮೇಲೆ ಪವಡಿಸಿರುವ
ಈಜುಕೊಳದ ನೀರಿನವರಿಗೆ

ಮಾನ್ಯರೇ,

ಬೋರ್‌ವೆಲ್ಲಿನ ಪಾತಾಳದಿಂದ ಎದ್ದು ಬಂದು, ನಮ್ಮಂಥ ಬಡಪಾಯಿಗಳ ನಡುವೆ ನೆಲೆಸಲು ಒಪ್ಪಿದ ತಮಗೆ ಈ ಲಾಡ್ಜಿನ ಮ್ಯಾನೇಜರ್ ತಿಮ್ಮರಾಜು ಬಗ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆಯಾದರೂ ನಾನು ಕೇಳುವುದಿಲ್ಲ, ಏಕೆಂದರೆ ದಿನಾ ಬೆಳಿಗ್ಗೆ ತಮ್ಮನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಮೇಲೆ ಔಷಧದ ಹನಿ ಬಿಟ್ಟು, ಬಣ್ಣ ನೋಡುವವನೇ ನಾನು. ಕೇಸರಿ ಬಣ್ಣ ಬಂದರೆ ತಮ್ಮ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏಳೂವರೆಯ ಆಸುಪಾಸಿನಲ್ಲಿದೆ, ತಾವು ಸಮಾಧಾನವಾಗಿದ್ದೀರಿ ಎಂದರ್ಥ. ಬೀಟ್‌ರೂಟಿನ ಬಣ್ಣ ಬಂದರೆ ಎಂಟು ದಾಟಿದ್ದೀರಿ, ಮಂಕಾಗುತ್ತೀರಿ, ಇಳಿದವರ ಕಣ್ಣು ಉರಿಸುತ್ತೀರಿ.

ತಮ್ಮನ್ನು ಇಳಿಸಲೆಂದೇ ಪಂಪು ರಿಪೇರಿಯ ನಯಾಜ್ ಡ್ರೈ ಆಸಿಡ್ ಎಂಬ ಬಿಳಿ ಹರಳಿನ ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುತ್ತಾನೆ. ಕಲ್ಲುಸಕ್ಕರೆಯ ಪುಡಿಯಂತೆ ಕಂಡರೂ ಅದರ ಮರ್ಯಾದೆಯೇ ಬೇರೆ: ಮೊದಲು ಬಕೆಟ್ಟಿನಲ್ಲಿ ನೀರು, ಆಮೇಲೆ ಅದರೊಳಗೆ ಹರಳು, ಹಿಂದುಮುಂದಾದರೆ ಮುಖಕ್ಕೆ ಹಾರುತ್ತದೆ. ಪ್ರತಿ ಶನಿವಾರ ಬೆಳಿಗ್ಗೆ ನಾನು ರಬ್ಬರ್ ಗ್ಲೌಸು ಹಾಕಿ, ಪಂಪು ಓಡಿಸಿ, ಆ ತೀರ್ಥವನ್ನು ತಮ್ಮ ಸುತ್ತ ಪ್ರದಕ್ಷಿಣೆ ಹಾಕುತ್ತಾ ಸುರಿದಿದ್ದೇನೆ. ಮಧ್ಯಾಹ್ನಕ್ಕೆ ತಾವು ಕೇಸರಿ. ಭಾನುವಾರ ಬೆಳಗಾದರೆ ಮತ್ತೆ ಬೀಟ್‌ರೂಟು! ಶನಿಮಹಾತ್ಮನೇ ಏಳೂವರೆ ವರ್ಷಕ್ಕೆ ಹೆಗಲಿನಿಂದ ಇಳಿದು ಹೋಗುತ್ತಾನೆ ಸ್ವಾಮೀ, ತಾವು ಏಳೂವರೆಗೆ ನಿಲ್ಲಲಿಲ್ಲ.

ಇದು ಬರೀ ಬಣ್ಣದ ಜಗಳವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನನ್ನ ಮಗಳು ಸುನಿತಾ ನಾಲೆಯಲ್ಲಿ ಈಜು ಕಲಿತವಳು, ಗಂಡುಹುಡುಗರನ್ನು ಹಿಂದೆ ಹಾಕಿದವಳು. ದೊಡ್ಡವಳಾದ ಮೇಲೆ ನಾಲೆಯ ಕಡೆ ಮುಖ ಮಾಡಬಾರದೆಂದು ಮನೆಯಲ್ಲಿ ತೀರ್ಮಾನವಾಯಿತು. ಹುಡುಗಿ ಊಟ ಬಿಟ್ಟಿತು. ಕೊನೆಗೆ ಮಾಲೀಕರ ಕಾಲು ಹಿಡಿದು, ಭಾನುವಾರ ಬೆಳಿಗ್ಗೆ ಗಿರಾಕಿಗಳು ಏಳುವ ಮುಂಚೆ ಒಂದು ಗಂಟೆ ಅವಳಿಗೆ ಕೊಡಿಸಿದೆ. ವಾರವೆಲ್ಲಾ ಅವಳು ಆ ಒಂದು ಗಂಟೆಗಾಗಿಯೇ ಬದುಕುತ್ತಾಳೆ, ಮತ್ತು ಪ್ರತಿ ಸಲ ಮೆಣಸಿನಕಾಯಿಯಂಥ ಕಣ್ಣು ಹೊತ್ತು ಮನೆಗೆ ಬರುತ್ತಾಳೆ. ನನ್ನ ಅವ್ವ ಬೆಟ್ಟಮ್ಮ ತೀರ್ಪು ಕೊಟ್ಟೇಬಿಟ್ಟಳು: "ಇನ್ನೊಂದ್ ಸಲ ಕಣ್ ಕೆಂಪಾಗ್ಲಿ, ಈಜೂ ಬ್ಯಾಡ ಗೀಜೂ ಬ್ಯಾಡ, ಮನೇಲಿರ್ಲಿ." ಅವ್ವನ ತೀರ್ಪಿನ ಮೇಲೆ ಅಪೀಲು ಹೋಗಲು ನಮ್ಮ ತಾಲ್ಲೂಕಿನಲ್ಲಿ ಕೋರ್ಟಿಲ್ಲ.

ಆದ್ದರಿಂದ ತಮ್ಮ ಉನ್ನತ ಸ್ಥಾನವನ್ನು ಮನಸಾರೆ ಹೊಗಳುತ್ತಲೇ ಕೆಲವು ಅರಿಕೆಗಳನ್ನು ಮುಂದಿಡಬೇಕೆಂದಿದ್ದೆ. ಏರುವ ಮೊದಲು ಮೋಟಾರ್ ರೂಮಿಗೆ ಬಂದು ರಜೆ ಅರ್ಜಿ ಕೊಡಬೇಕು; ಏರಲೇಬೇಕೆಂದಿದ್ದರೆ ನಾಗಮಂಗಲದ ಕಡೆಯ ಯಾವುದಾದರೂ ಒಣಗಿದ ಕೆರೆಗೆ ವರ್ಗ ಮಾಡಿಸಿಕೊಂಡು ಅಲ್ಲಿ ಏರಬೇಕು; ಅದೂ ಆಗದಿದ್ದರೆ ಸುನಿತಾ ಈಜುವಷ್ಟು ಅಗಲದ ನೀರು ಮಾತ್ರ ಏಳೂವರೆಯಲ್ಲಿ ನಿಂತು, ಉಳಿದದ್ದು ತನ್ನ ಇಷ್ಟ ಬಂದಂತೆ ಮೆರೆಯಬಹುದು. ನಯಾಜ್ ಮಾತ್ರ ಬೇರೆ ಮಾತು ಹೇಳಿದ. "ನೀರು ತಾನಾಗೇ ಇಷ್ಟು ಏರಲ್ಲ ಅಣ್ಣ, ಯಾರೋ ಏರುಸ್ತಾವ್ರೆ," ಅಂದ.

ಅದನ್ನು ನೋಡಿಯೇ ಬಿಡೋಣವೆಂದು ಮೊನ್ನೆ ಶನಿವಾರ ಸಂಜೆ ಮೋಟಾರ್ ರೂಮಿನಲ್ಲಿ ಕುಳಿತೆ. ದೀಪ ಹಚ್ಚುವ ಹೊತ್ತಿಗೆ ನನ್ನ ಅವ್ವನೇ ಬಂದಳು. ಒಂದು ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಇನ್ನೊಂದರಲ್ಲಿ ಗೋಡೆಗೆ ಬಳಿದು ಉಳಿದಿದ್ದ ಸುಣ್ಣದ ಬಕೆಟ್ಟು. ಕೊಳದ ಅಂಚಿನ ಮೆಟ್ಟಿಲ ಮೇಲೆ ಅರಿಶಿನ ಹಾಕಿ, ಗಂಗಮ್ಮನಿಗೆ ಕೈಮುಗಿದು, ಸುಣ್ಣವನ್ನು ದಬದಬನೆ ತಮ್ಮೊಳಗೆ ಸುರಿದಳು. ನಾನು ಓಡಿ ಹೋಗಿ ಕೈ ಹಿಡಿದರೆ ನನ್ನನ್ನೇ ಗದರಿದಳು: "ನಾಕೂರ್ ಜನ ಮೈತೊಳ್ದಿರೋ ನೀರು ಕಣ್ಲಾ. ಬಾವಿ ಹೂಳೆತ್ತುದ್ ಮ್ಯಾಕೆ ಸುಣ್ಣ ಹಾಕಕಿಲ್ವಾ? ಮಗೀನ್ ಕಣ್ಣು ಕೆಂಪಾದಂಗೆಲ್ಲಾ ಇನ್ನೊಸಿ ಜಾಸ್ತಿ ಹಾಕ್ತಾವ್ನಿ."

ಅಂದರೆ ಬೆಳಿಗ್ಗೆ ಮಗ ಇಳಿಸುವುದು, ಸಂಜೆ ಅವ್ವ ಏರಿಸುವುದು. ಪಿಎಚ್ ಅಂದರೆ ಅವಳಿಗೇನು ಗೊತ್ತು ಎಂದುಕೊಳ್ಳುವಾಗ ಮೆಟ್ಟಿಲು ಕಂಡಿತು. ಸುಣ್ಣ ತಾಗಿದ ಅರಿಶಿನ ಕೆಂಪಗಾಗಿತ್ತು. ಆರತಿಗೆ ಓಕುಳಿ ಕಲಸುವವಳಿಗೆ ಇದನ್ನು ಹೇಳಿಕೊಡಬೇಕೆ? ಡ್ರೈ ಆಸಿಡ್ ಕರಗಿಸಿದ ನೀರನ್ನು ಅದರ ಮೇಲೆ ಸ್ವಲ್ಪ ಬಿಟ್ಟೆ. ಕೆಂಪು ಹೋಗಿ ಅರಿಶಿನ ಮತ್ತೆ ಹಳದಿಯಾಯಿತು. ಕಣ್ಣು ಕೆಂಪಾಗಿಸುವುದೂ ಈ ಸುಣ್ಣವೇ, ತಣ್ಣಗಾಗಿಸುವುದು ಈ ಹರಳು ಎಂದೆ. ಅವ್ವ ಬಗ್ಗಿ ಅದನ್ನೇ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, "ಅಂಗಾದ್ರೆ ಮಗೀನ್ ಕಣ್ಣಿಗೆ ಓಕುಳಿ ಕಲ್ಸಿದ್ದು ನಾನೇಯಾ?" ಅಂದಳು. ಅಲ್ಲಿಯವರೆಗೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಆ ಮಾತು ಕೇಳಿ ಸುಣ್ಣದ ಬಕೆಟ್ಟನ್ನು ಪಕ್ಕಕ್ಕಿಟ್ಟು ಅವಳ ಬಳಿ ಕುಳಿತೆ.

ಅವತ್ತು ಮತ್ತೆ ಆಸಿಡ್ ಹಾಕಿ ಪಂಪು ಓಡಿಸಿದೆ. ಭಾನುವಾರ ತಾವು ಕೇಸರಿ, ಮಗಳ ಕಣ್ಣು ಬೆಳ್ಳಗೆ. ಅವ್ವ ರೆಪ್ಪೆ ಎತ್ತಿ ಎತ್ತಿ ನೋಡಿ ತೀರ್ಪನ್ನು ರದ್ದು ಮಾಡಿದಳು. ಹಾಗಾದರೆ ಕ್ಷಮೆ ಕೇಳಬೇಕಾದವನು ನಾನೇ ಎಂದು ತಾವು ಬೀಗಬಹುದು. ಕೇಳುವುದಿಲ್ಲ. ಎಲ್ಲಾ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಬಿದ್ದಿದ್ದಿರಲ್ಲ, ಆ ತಪ್ಪು ತಮ್ಮ ಲೆಕ್ಕಕ್ಕೇ ಇರಲಿ.

ಇಂತಿ, ಗ್ಲೌಸು ತೊಟ್ಟ ಕೈಗಳನ್ನೇ ಜೋಡಿಸಿರುವ
ತಮ್ಮ ವಿಶ್ವಾಸಿ,
ತಿಮ್ಮರಾಜು

ತಾ.ಕ.: ಮಗಳು ಈಜುವಾಗ ಅವ್ವ ತಮ್ಮೊಳಗೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಕರಿಘಟ್ಟದ ಕೆಳಗೆ ಲೋಕಪಾವನಿ ಹೊಳೆಯನ್ನು ತಾನೂ ಈಜಿ ದಾಟುತ್ತಿದ್ದಳಂತೆ, ದೊಡ್ಡವಳಾದ ದಿನವೇ ಈಜು ಬಿಡಿಸಿದರಂತೆ. ಇಷ್ಟು ವರ್ಷ ಈ ಮಾತು ನನಗೆ ತಿಳಿದಿರಲಿಲ್ಲ. "ಬರೋ ಬಾನ್ವಾರ ನಾನೂ ಇಳೀತೀನಿ, ಏಣಿ ಗಟ್ಟಿಯಾಗದಾ ನೋಡು," ಎಂದಿದ್ದಾಳೆ. ಆದ್ದರಿಂದ ಏಳೂವರೆ ದಾಟುವ ಯೋಚನೆ ಬೇಡ. ದಾಟಿದರೆ ಈ ಸಲ ಆಸಿಡ್ ಬಕೆಟ್ಟು ಹಿಡಿದು ಬರುವವಳು ಅವಳೇ. 'ಸೀರೆಯುಟ್ಟು ಕೊಳಕ್ಕೆ ಇಳಿಯಬಾರದು' ಎಂಬ ಬೋರ್ಡಿನ ಬಣ್ಣ ಮಾಸಿದೆಯೆಂದು ಮಾಲೀಕರಿಗೆ ತಿಳಿಸಿ, ಅದನ್ನು ಶನಿವಾರವೇ ಬಿಚ್ಚಿ ಪೇಂಟರಿಗೆ ಕೊಡುತ್ತಿದ್ದೇನೆ.