ಉಸಿರಾಟದ ಯಂತ್ರಕ್ಕೆ ಆಯುಧಪೂಜೆ

ಆಯುಧಪೂಜೆಯ ದಿನ ಪೂಜೆಯಾದ ಯಂತ್ರವನ್ನು ಮರುದಿನ ಅಂಬಾರಿ ಅರಮನೆಯಿಂದ ಹೊರಡುವ ತನಕ ಚಾಲೂ ಮಾಡತಕ್ಕದ್ದಲ್ಲ ಎಂಬುದು ಮೈಸೂರಿನ ನಮ್ಮ ಆಸ್ಪತ್ರೆಯ ಸ್ಥಾಯೀ ನಿಯಮ. ಈ ನಿಯಮದಿಂದ ಬಾಧಿತರಾದವರು ಯಾರೂ ಆಮೇಲೆ ಬಂದು ದೂರು ಕೊಟ್ಟಿಲ್ಲ.

ನಮ್ಮ ಆಸ್ಪತ್ರೆ ಎನ್ನುವುದಕ್ಕೆ ಆಧಾರವಿದೆ. ಅಲ್ಲಿನ ಶ್ವಾಸಕೋಶ ತೀವ್ರ ನಿಗಾ ಘಟಕವನ್ನು ಕಟ್ಟಿಸಿಕೊಟ್ಟವನು ನಾನು, ಕಡಕೊಳದ ಊದುಬತ್ತಿ ಕಾರ್ಖಾನೆಯ ಏಕಾಂತಯ್ಯ. ಒಳಗೆ ನಾಲ್ಕು ಹಾಸಿಗೆ. ಮುಖಕ್ಕೆ ಮಾಸ್ಕ್ ಕಟ್ಟಿ ಎದೆಯೊಳಕ್ಕೆ ಗಾಳಿ ನೂಕುವ ಯಂತ್ರ ಒಂದು. ಮಿಕ್ಕ ಮೂರು ಹಾಸಿಗೆಗೆ ಯಂತ್ರ ಬರುವ ತನಕ ಅವುಗಳ ಮೇಲೆ ನಮ್ಮ ಕಂಪನಿಯ ಜಾಹೀರಾತು ಮಲಗಿರುತ್ತದೆ. ಊದುಬತ್ತಿಯವನು ಶ್ವಾಸಕೋಶಕ್ಕೆ ದಾನ ಕೊಡುವುದೇನು ಎಂದು ಕೆಲವರು ನಕ್ಕರು. ಚಪ್ಪಲಿ ಅಂಗಡಿಯವನು ಹಿಮ್ಮಡಿಗೆ ಮುಲಾಮು ಮಾರಿದರೆ ಯಾರೂ ನಗುವುದಿಲ್ಲ.

ಯಂತ್ರದ ಮೊದಲ ಫಲಾನುಭವಿ ಕೆಸರೆಯ ಸಾಕಮ್ಮ. ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ಕೂತು ನಮ್ಮ ಇದ್ದಿಲು ಪುಡಿ ಕಲಸಿ ಕಡ್ಡಿ ಹೊಸೆದವರು. ಪುಡಿಯಲ್ಲಿ ಒಂದು ಭಾಗ ಕಡ್ಡಿಗೆ ಹತ್ತದೆ ಅವರ ಶ್ವಾಸಕೋಶಕ್ಕೆ ಹೋಗಿ ಕೂತಿದೆ ಎಂದು ಡಾಕ್ಟರ್ ಲಾಸ್ಯ ವಿವರಿಸಿದರು. ಅವರ ಮನೆಯಿಂದ ಬರುತ್ತಿದ್ದ ಮಾಲು ತೂಕದಲ್ಲಿ ಯಾಕೆ ಕಡಿಮೆ ಬೀಳುತ್ತಿತ್ತು ಎಂಬುದು ಅಂದು ನನಗೆ ತಿಳಿಯಿತು. ಹೋಗಲಿ ಎಂದು ಬಿಟ್ಟೆ.

ಹಬ್ಬದ ಮುನ್ನಾದಿನ ಆಡಳಿತಾಧಿಕಾರಿ ಮಹದೇವಪ್ರಸಾದ್ ಧ್ವನಿವರ್ಧಕದಲ್ಲಿ ಪ್ರಕಟಿಸಿದರು: "ನಾಳೆ ಬೆಳಗ್ಗೆ ಸಕಲ ಯಂತ್ರೋಪಕರಣಗಳಿಗೆ ಪೂಜೆ ನೆರವೇರಲಿದ್ದು, ಯಂತ್ರಾವಲಂಬಿತ ರೋಗಿಗಳು ಸದರಿ ಅವಧಿಗೆ ಉಸಿರಾಟದ ಪರ್ಯಾಯ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳತಕ್ಕದ್ದು."

ಡಾಕ್ಟರ್ ಲಾಸ್ಯ ಮಹದೇವಪ್ರಸಾದರ ಬಳಿಗೆ ಓಡಿಬಂದರು. "ಸರ್, ಆ ಮಾಸ್ಕ್ ತೆಗೆದ್ರೆ ಸಾಕಮ್ಮನಿಗೆ ಉಸಿರು ಸಾಲಲ್ಲ. ಮೊದಲು ಮಂಪರು ಬರುತ್ತೆ. ಆಮೇಲೆ ಏಳಲ್ಲ."

"ದುಡಿಯೋ ಯಂತ್ರ ಡಾಕ್ಟ್ರೇ. ಒಂದು ದಿನ ರಜ ಬೇಡ್ವಾ?"

"ಅದು ಬಂದು ಒಂದು ತಿಂಗಳೂ ಆಗಿಲ್ಲ ಸರ್!"

"ಹಾಗಾದ್ರೆ ಮೊದಲನೇ ಪೂಜೆ. ಅದನ್ನಂತೂ ತಪ್ಪಿಸೋ ಹಂಗೇ ಇಲ್ಲ."

ಸಾಕಮ್ಮನ ಮಗ ಗೌತಮ್ ಆಟೋ ಓಡಿಸುವವನು, ಬಾಯಿ ಸ್ವಲ್ಪ ಜೋರು. "ಯಂತ್ರಕ್ಕೆ ರಜ ಕೊಡ್ತೀರಲ್ಲ ಸಾ, ನಮ್ಮವ್ವನ ಎದೆಗೂ ಒಂದಿನ ರಜ ಕೊಟ್ರೆ ನಾಳಿದ್ದು ಡ್ಯೂಟಿಗೆ ಬತ್ತದಾ?" ಎಂದ. ಎದೆಯು ಆಸ್ಪತ್ರೆಯ ಸ್ವತ್ತಲ್ಲವಾದ್ದರಿಂದ ಉತ್ತರಿಸಲು ಬರುವುದಿಲ್ಲ ಎಂದು ಮಹದೇವಪ್ರಸಾದ್ ಸಮಾಧಾನವಾಗಿಯೇ ಹೇಳಿದರು.

ಬೇರೆ ಆಸ್ಪತ್ರೆಗೆ ಸಾಗಿಸಬೇಕು ಎಂದು ಡಾಕ್ಟರ್ ಹಬ್ಬದ ಬೆಳಗ್ಗೆ ಆಂಬುಲೆನ್ಸ್ ಬಳಿ ಹೋದರು. ಚಾಲಕ ಶಿವರಾಮು ಬಾಳೆಕಂದು ಕಟ್ಟಿ, ಬಾನೆಟ್ಟಿಗೆ ವಿಭೂತಿ ಬಳಿದು, ಕೈಕಟ್ಟಿ ನಿಂತಿದ್ದ.

"ಚಕ್ರದಡಿ ನಿಂಬೆಹಣ್ಣು ಇಟ್ಬುಟ್ಟಿದ್ದೀನಿ ಮೇಡಂ. ಈಗೇನಿದ್ರೂ ನಾಳೆಗೇ."

"ಒಂದು ಜೀವ ಕಣ್ರೀ!"

"ನಿಂಬೆಹಣ್ಣಿನ ಮೇಲೆ ಇವತ್ತೇ ಹತ್ತಿಸಿದ್ರೆ ಗಾಡಿ ನಿಲ್ಲಲ್ಲ ಮೇಡಂ, ದಾರಿಲಿ ಇನ್ನೂ ನಾಲ್ಕು ಜೀವ ತಗೊಳ್ಳುತ್ತೆ."

ಪೂಜೆ ಶಾಸ್ತ್ರೋಕ್ತವಾಗಿ ನಡೆಯಿತು. ಮೊದಲು, ಛಾವಣಿಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರಕ್ಕೆ ಕುಂಕುಮವಿಟ್ಟು ವಿಶ್ರಾಂತಿ ನೀಡಲಾಯಿತು. ಆದ್ದರಿಂದ ಆ ದಿನ ಘಟಕದಲ್ಲಿ ಹೊಗೆ ಬಂದದ್ದು ಎಲ್ಲೂ ದಾಖಲಾಗಿಲ್ಲ. ನಾನು ತಂದಿದ್ದ ಊದುಬತ್ತಿ ಕಟ್ಟುಗಳನ್ನು ಕಂಡು, ಆಮ್ಲಜನಕದ ಪಕ್ಕ ಬೆಂಕಿ ಹಚ್ಚುತ್ತೀರಾ ಎಂದು ಡಾಕ್ಟರ್ ಚೀರಿದರು. ಆಮ್ಲಜನಕದ ಕೊಳಾಯಿಗೂ ಪೂಜೆಯಾಗಿ ಅದನ್ನು ಮುಚ್ಚಲಾಗಿದೆ, ಸುರಕ್ಷತೆಯ ವಿಷಯದಲ್ಲಿ ಆಸ್ಪತ್ರೆ ರಾಜಿ ಮಾಡಿಕೊಳ್ಳುವುದಿಲ್ಲ ಎಂದು ಮಹದೇವಪ್ರಸಾದ್ ಅವರಿಗೆ ನೆನಪಿಸಿದರು.

ಯಂತ್ರದ ಸರದಿ ಬಂದಾಗ ಸಾಕಮ್ಮನ ಮುಖದಿಂದ ಮಾಸ್ಕ್ ಬಿಚ್ಚಿ ಅದಕ್ಕೆ ಸೇವಂತಿಗೆ ಹಾರ ಹಾಕಲಾಯಿತು. ಅಷ್ಟರಲ್ಲಿ ಡಾಕ್ಟರ್ ಲಾಸ್ಯ, ಕೈಯಲ್ಲಿ ಒತ್ತಿ ಗಾಳಿ ಕೊಡುವ ರಬ್ಬರ್ ಚೀಲವೊಂದನ್ನು ವೇಲಿನ ಮರೆಯಿಂದ ತೆಗೆದರು. ಅರ್ಚಕರ ಕಣ್ಣಿಗೆ ಬಿದ್ದಿದ್ದರೆ ಅದಕ್ಕೂ ಕುಂಕುಮ ಬೀಳುತ್ತಿತ್ತು. ಮೂಲೆಯಲ್ಲಿ ಪೂಜೆಗೆ ಸಿಗದೆ ಉಳಿದಿದ್ದ ಸಿಲಿಂಡರನ್ನು ಗೌತಮ್ ಎಳೆದುಕೊಂಡ. ಹಾಸಿಗೆಯನ್ನೂ ಸಾಕಮ್ಮನನ್ನೂ ಇಬ್ಬರೂ ಸೇರಿ ಹೊರಗಿನ ವರಾಂಡಕ್ಕೆ ತಳ್ಳಿದರು.

"ಅವ್ವ ಉಸಿರು ಎಳೀತಾಳಲ್ಲ, ಆಗ ಒತ್ತು. ಅವಸರ ಬೇಡ," ಎಂದು ಡಾಕ್ಟರ್ ಕಲಿಸುತ್ತಿದ್ದರು.

"ಬ್ರೇಕೂ ಕ್ಲಚ್ಚೂ ಒಟ್ಟಿಗೆ ನೋಡ್ಕೊಂಡಂಗೆ ಬುಡಿ ಮೇಡಂ," ಎಂದ ಗೌತಮ್.

ಒಳಗೆ ನಾನು ಕಾರ್ಖಾನೆಯಿಂದ ತಂದಿದ್ದ ಊದುಬತ್ತಿಗಳನ್ನು ಕಟ್ಟುಕಟ್ಟಾಗಿ ಹಚ್ಚಿಸಿದೆ. ಕಿಟಕಿ ತೆರೆದರೆ ಪರಿಮಳ ಪೋಲಾಗುತ್ತದೆ. ಯಂತ್ರಕ್ಕೆ ತೀರ ಹತ್ತಿರ ನಿಂತಿದ್ದ ಮಹದೇವಪ್ರಸಾದ್ ಮಂಗಳಾರತಿಯ ಹೊತ್ತಿಗೆ ಕೆಮ್ಮಿದರು. ಬೂದುಗುಂಬಳ ಒಡೆಯುವ ಹೊತ್ತಿಗೆ ಎದೆ ಹಿಡಿದುಕೊಂಡು ಕೂತರು. ತುಟಿ ನೀಲಿಯಾಗಿತ್ತು.

"ಯಂತ್ರ... ಹಾಕ್ರೋ..." ಎಂದರು.

"ನಾಳೆ ಅಂಬಾರಿ ಹೊರಡೋ ತನಕ..." ಎಂದು ನರ್ಸ್ ಬಸಮ್ಮ ನಿಯಮ ತೆಗೆದರು.

ಅರ್ಚಕರು ವಿವೇಕಿಗಳು. ಪೂಜೆಯಾದ ಮೇಲೆ ಪ್ರಸಾದವು ಪೂಜೆ ಮಾಡಿಸಿದವರಿಗೆ ತಕ್ಷಣ ಸಲ್ಲತಕ್ಕದ್ದು, ಯಂತ್ರದ ಪ್ರಸಾದವೆಂದರೆ ಗಾಳಿಯೇ ಎಂದು ಅಲ್ಲೇ ತೀರ್ಪು ಕೊಟ್ಟರು. ನಿಯಮ ಉಳಿಯಿತು, ಮಹದೇವಪ್ರಸಾದರೂ ಉಳಿದರು. ಆಮ್ಲಜನಕದ ಕೊಳಾಯಿ ತೆರೆಸಿ, ಊದುಬತ್ತಿ ಆರಿಸಿ, ಹಾರ ಹಾಕಿದ ಮಾಸ್ಕನ್ನೇ ಅವರ ಮುಖಕ್ಕೆ ಕಟ್ಟಲಾಯಿತು.

ಯಂತ್ರದ ಸದ್ದು ಕೇಳಿ ಗೌತಮ್ ಬಾಗಿಲಿಗೆ ಬಂದ. "ಓಡ್ತಾ ಅದಲ್ಲ ಸ್ವಾಮಿ! ನಮ್ಮವ್ವಂಗೂ ಹಾಕಿ."

"ಅದು ಓಡ್ತಾ ಇಲ್ಲಪ್ಪ, ಪ್ರಸಾದ ವಿನಿಯೋಗ ಆಗ್ತಾ ಇದೆ," ಎಂದೆ ನಾನು. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಚೀಲ ಒತ್ತಲು ವಾಪಸು ಹೋದ. ಗಿರಾಕಿಗಳು ಹಾಗೆ ನೋಡುವುದು ನನಗೆ ಹೊಸದಲ್ಲ.

ಮರುದಿನ ಅಂಬಾರಿ ಹೊರಡುವುದು ಎಂದಿನಂತೆ ತಡವಾಯಿತು. ಅಲ್ಲಿಯ ತನಕ ಡಾಕ್ಟರ್ ಮತ್ತು ಗೌತಮ್ ಸರದಿಯ ಮೇಲೆ ಚೀಲ ಒತ್ತಿದರು. ಸಾಕಮ್ಮ ಬದುಕಿದರು. ಯಂತ್ರವು ವಿಶ್ರಾಂತಿಯಲ್ಲಿದ್ದರೂ ರೋಗಿಯನ್ನು ಉಳಿಸಿದ್ದರಿಂದ ಪೂಜೆಯ ಶಕ್ತಿ ಸಾಬೀತಾಯಿತೆಂದು ಆಸ್ಪತ್ರೆ ಪ್ರಕಟಣೆ ಹೊರಡಿಸಿತು.

ದೀಪಾವಳಿಗೆ ಮುಂಚೆ ಸನ್ಮಾನ ಸಮಾರಂಭ ಏರ್ಪಾಡಾಯಿತು. ಗುಣಮುಖರಾದ ಮಹದೇವಪ್ರಸಾದ್ ನನಗೆ ಹಾರ ಹಾಕಿದರು. ಗೌತಮನ ಬಲಗೈ ಆ ದಿನ ಆಸ್ಪತ್ರೆಯ ಯಂತ್ರವಾಗಿ ಕೆಲಸ ಮಾಡಿದ್ದರಿಂದ, ಮುಂದಿನ ಆಯುಧಪೂಜೆಗೆ ಅದಕ್ಕೂ ಕುಂಕುಮವಿಟ್ಟು ವಿಶ್ರಾಂತಿ ಕೊಡಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಾಕಮ್ಮನಿಗೆ ಶಾಲು ಹೊದಿಸಿ, ನಮ್ಮ ಊದುಬತ್ತಿಯ ಒಂದು ಕಟ್ಟು ಕೈಗಿತ್ತೆ.

ಸಾಕಮ್ಮ ಉಸಿರು ಕೂಡಿಸಿಕೊಂಡು ಕೇಳಿದರು: "ಹಬ್ಬ ಬಂದ್ಬುಡ್ತು ಸ್ವಾಮಿ. ಪುಡಿ ಯಾವಾಗ ಕಳಿಸ್ತೀರಿ? ಒಲೆ ಉರೀಬೇಕಲ್ಲ."

"ಬ್ಯಾಡ ಕಣವ್ವ," ಎಂದ ಗೌತಮ್.

"ನಿನ್ನ ಆಟೋ ಸಂಪಾದನೆ ಆಟೋಗೇ ಸಾಲಲ್ಲ, ಸುಮ್ನಿರು."

"ಇವರು ಮತ್ತೆ ಆ ಪುಡಿ ಮುಟ್ಟಿದ್ರೆ ಮತ್ತೆ ಇಲ್ಲಿಗೇ ಬರ್ತಾರೆ ಸರ್," ಎಂದರು ಡಾಕ್ಟರ್ ಲಾಸ್ಯ.

"ಬರಲಿ ಡಾಕ್ಟ್ರೇ," ಎಂದರು ಮಹದೇವಪ್ರಸಾದ್. "ಏಕಾಂತಯ್ಯನವರು ಹಾಸಿಗೆ ಕೊಟ್ಟಿರೋದೇ ಅದಕ್ಕೆ."

ಸಭೆ ಚಪ್ಪಾಳೆ ತಟ್ಟಿತು. ಸಾಕಮ್ಮನೂ ತಟ್ಟಿದರು, ಎರಡು ಸಲ ತಟ್ಟಿ ಸುಧಾರಿಸಿಕೊಂಡರು. ಪುಡಿಯನ್ನು ಮಾರನೆಯ ದಿನವೇ ಕೆಸರೆಗೆ ಕಳಿಸಿದೆ. ಈ ಬಾರಿ ತೂಕದಲ್ಲಿ ಕಡಿಮೆ ಬಂದರೂ ಕೇಳಬೇಡಿ ಎಂದು ಗುಮಾಸ್ತರಿಗೆ ಹೇಳಿದ್ದೇನೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತಿದೆ.