ಮಚ್ಚೆ ಮೊದಲು ಕಂಡವರು

ನನ್ನ ಬೆನ್ನನ್ನು ನಾನೇ ನೋಡಿಕೊಳ್ಳಬಲ್ಲೆ ಎಂಬ ಆತ್ಮವಿಶ್ವಾಸ ನನಗಿತ್ತು. ವಯಸ್ಸು ಐವತ್ತೊಂದಾಗುವವರೆಗೆ ಅನ್ನ, ಸಾರು, ಬಟ್ಟೆ, ಜ್ವರ ಎಲ್ಲವನ್ನೂ ಒಬ್ಬನೇ ನೋಡಿಕೊಂಡವನಿಗೆ ಒಂದು ಬೆನ್ನು ಯಾವ ಲೆಕ್ಕ ಎಂದುಕೊಂಡಿದ್ದೆ.

ನಾನು ವಿಜ್ಞಾನಿ. ಕ್ಷಯದ ರೋಗಾಣುವಿಗೆ ಒಬ್ಬ ದಾಯಾದಿ ಇದ್ದಾನೆ, ಕುಷ್ಠದ ರೋಗಾಣು. ಒಂದೇ ಮನೆಯ ಇಬ್ಬರ ಮೈಗೆ ಅವನು ಹೊಕ್ಕರೆ, ಒಬ್ಬರ ರಕ್ತದ ಕಾವಲು ಕಣಗಳು ಅವನನ್ನು ಒದ್ದೋಡಿಸುತ್ತವೆ. ಇನ್ನೊಬ್ಬರಲ್ಲಿ ಅವೇ ಕಣಗಳು ಬೀಗರು ಬಂದರೇನೋ ಎಂಬಂತೆ ಸುಮ್ಮನೆ ಕುಳಿತುಬಿಡುತ್ತವೆ. ಯಾಕೆ ಹೀಗೆ? ಇದೇ ನನ್ನ ಸಂಶೋಧನೆ. ಹದಿನೆಂಟು ವರ್ಷವಾಯಿತು, ಇನ್ನೂ 'ಯಾಕೆ' ಎಂಬಲ್ಲೇ ಇದ್ದೇನೆ. ಮೊದಲು ಇದನ್ನೊಂದು ಮುಗಿಸಿ ಮದುವೆಯಾಗೋಣ ಎಂದುಕೊಂಡಿದ್ದೆ. ಸಂಶೋಧನೆ ಮುಗಿಯಲಿಲ್ಲ, ಮದುವೆಯ ವಯಸ್ಸು ಮಾತ್ರ ಹೇಳದೆ ಕೇಳದೆ ಮುಗಿದುಹೋಯಿತು.

ಗಂಗಾವತಿಯಲ್ಲಿ ಮಹಬೂಬಸಾಬರ ಮನೆಯ ಮಹಡಿಯ ಮೇಲೆ ನನ್ನ ಬಾಡಿಗೆ ಕೋಣೆ. ಅವರು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಪ್ರತಿ ಶುಕ್ರವಾರ ಕೆಳಗಿನಿಂದ ಒಂದು ಡಬ್ಬಿ ಪಲಾವ್ ಬರುತ್ತದೆ. ಉಳಿದ ಆರು ದಿನ ನಾನು ಮಾಡಿದ್ದನ್ನು ನಾನೇ ತಿನ್ನುತ್ತೇನೆ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ.

ಹಳ್ಳಿಗಳಿಗೆ ಹೋಗಿ, ಚಿಕಿತ್ಸೆ ಪಡೆದವರ ರಕ್ತದ ಮಾದರಿ ತಂದು, ಒಂದು ನಮೂನೆ ತುಂಬುವುದು ನನ್ನ ಕೆಲಸ. ನಮೂನೆಯ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: 'ಮಚ್ಚೆಯನ್ನು ಮೊದಲು ಕಂಡವರು ಯಾರು? ನಿಮಗೂ ಅವರಿಗೂ ಸಂಬಂಧವೇನು?' ಬೆನ್ನು ತಿಕ್ಕುವಾಗ ಹೆಂಡತಿ ನೋಡಿದಳು ಎಂದು ಒಬ್ಬರು, ಎಣ್ಣೆ ಹಚ್ಚುವಾಗ ಅವ್ವ ನೋಡಿದಳು ಎಂದು ಇನ್ನೊಬ್ಬರು ಹೇಳುತ್ತಿದ್ದರು. ಯಲಬುರ್ಗಾ ಕಡೆಯ ಹನುಮವ್ವ ಎಂಬ ಮುದುಕಿ ಮಾತ್ರ "ಯಾರೂ ನೋಡಲಿಲ್ರಿ" ಎಂದಿದ್ದಳು. ಇಂಥ ಉತ್ತರಗಳಿಂದ ವಿಜ್ಞಾನಕ್ಕೇನು ಉಪಯೋಗ? ಮುಂದಿನ ಮುದ್ರಣದಲ್ಲಿ ಆ ಪ್ರಶ್ನೆಯನ್ನು ತೆಗೆದುಹಾಕಲು ತೀರ್ಮಾನಿಸಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಸ್ನಾನ ಮುಗಿಸಿ, ಕನ್ನಡಕವಿಲ್ಲದೆ, ಅಲ್ಮೇರಾದ ಕನ್ನಡಿಗೆ ಬೆನ್ನು ಮಾಡಿ ಕತ್ತು ತಿರುಗಿಸಿದೆ. ಬೆನ್ನಿನ ನಟ್ಟನಡುವೆ, ಕೈ ಮೇಲಿನಿಂದಲೂ ಮುಟ್ಟದ, ಕೆಳಗಿನಿಂದಲೂ ಮುಟ್ಟದ ಜಾಗದಲ್ಲಿ ಒಂದು ಮಸಕು ಬಿಳುಪಿನ ಮಚ್ಚೆ!

ಮೊಬೈಲನ್ನು ಹಿಂದಕ್ಕೆ ಹಿಡಿದು ಫೋಟೊ ತೆಗೆದೆ. ಮೊದಲಿನದರಲ್ಲಿ ಫ್ಯಾನು ಬಂತು, ಎರಡನೆಯದರಲ್ಲಿ ನನ್ನ ಕಿವಿ. ಒಂಬತ್ತನೆಯದರಲ್ಲಿ ಮಚ್ಚೆ ಬಂತು, ಅದೂ ಅಲುಗಾಡಿಕೊಂಡು. ಆದರೂ ಲಕ್ಷಣಗಳು ಸ್ಪಷ್ಟವಾಗಿದ್ದವು. ಬಣ್ಣ ತಿಳಿ, ಅಂಚು ಖಚಿತ, ಮೇಲೆ ಕೂದಲಿಲ್ಲ. ನಾನೇ ಬರೆದ ಕೈಪಿಡಿಯ ಮೂರನೆಯ ಪುಟ ನನ್ನ ಬೆನ್ನ ಮೇಲೆ ಅಚ್ಚಾಗಿತ್ತು. ನನ್ನ ನಮೂನೆಯನ್ನು ತುಂಬಿದ್ದರೆ ಹನ್ನೊಂದನೆಯ ಪ್ರಶ್ನೆಗೆ 'ಅಲ್ಮೇರಾ' ಎಂದು ಬರೆಯಬೇಕಾಗಿತ್ತು.

ರೋಗಕ್ಕೆ ನಾನು ಹೆದರಲಿಲ್ಲ. ಮಾತ್ರೆ ಪುಕ್ಕಟೆ ಸಿಗುತ್ತದೆ, ತಪ್ಪದೆ ನುಂಗಿದರೆ ಗುಣವಾಗುತ್ತದೆ. ಇದನ್ನು ಊರೂರಿಗೆ ಹೋಗಿ ಮೈಕಿನಲ್ಲಿ ಹೇಳಿದವನೇ ನಾನು. ನಾನು ಹೆದರಿದ್ದು ಆ ಶುಕ್ರವಾರದ ಡಬ್ಬಿಗೆ. ವಿಷಯ ಕೆಳಗೆ ತಿಳಿದರೆ ಡಬ್ಬಿ ನಿಂತೀತು ಎಂಬ ಭಯ ಹತ್ತಿತು. ಆ ಡಬ್ಬಿಯ ಜೊತೆಗೆ ಬರುವ "ಊಟ ಆತೇನ್ರಿ ಸಾಹೇಬ್ರ" ಎಂಬ ಒಂದು ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ. ಅವರು ನಿಲ್ಲಿಸುವ ಮೊದಲು ನಾನೇ ನಿಲ್ಲಿಸಿದರೆ ಮರ್ಯಾದೆ ಉಳಿಯುತ್ತದೆಂದು, ಆ ಶುಕ್ರವಾರ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಡಬ್ಬಿಯನ್ನು ವಾಪಸ್ ಕಳಿಸಿದೆ. ಸಂಜೆ ಅವಲಕ್ಕಿ ತಿಂದೆ.

ಮಚ್ಚೆ ಎಂದಮೇಲೆ ಸ್ಪರ್ಶ ಪರೀಕ್ಷೆ ಆಗಲೇಬೇಕು. ರೋಗಿ ಕಣ್ಣು ಮುಚ್ಚಬೇಕು, ಇನ್ನೊಬ್ಬರು ಸಣ್ಣ ನೈಲಾನ್ ಎಳೆಯಿಂದ ಮುಟ್ಟಬೇಕು, ತಿಳಿದಾಗ ರೋಗಿ ಹೂಂ ಅನ್ನಬೇಕು. ಮುಟ್ಟಿದ್ದು ತಿಳಿಯದಿದ್ದರೆ ಮಚ್ಚೆ ಕುಷ್ಠದ್ದೇ. ಇನ್ನೊಬ್ಬರು! ಈ ಪರೀಕ್ಷೆಯನ್ನು ಸಾವಿರ ಸಲ ಮಾಡಿದ್ದೆ, ಇದಕ್ಕೆ ಇಬ್ಬರು ಬೇಕೆಂಬುದು ಅಂದೇ ಹೊಳೆದದ್ದು.

ಆದರೂ ಪ್ರಯತ್ನಿಸಿದೆ. ಎಳೆಯನ್ನು ಸೌಟಿನ ತುದಿಗೆ ಕಟ್ಟಿ, ಕುರ್ಚಿಯ ಮೇಲೆ ಮೊಣಕಾಲೂರಿ, ಭುಜದ ಮೇಲಿಂದ ಸೌಟನ್ನು ಇಳಿಬಿಟ್ಟು ಕಣ್ಣು ಮುಚ್ಚಿದೆ. ಪರೀಕ್ಷಕನೂ ನಾನೇ, ರೋಗಿಯೂ ನಾನೇ. ಯಾವ ವಿಜ್ಞಾನ ಪತ್ರಿಕೆಯೂ ಒಪ್ಪದ ಪ್ರಯೋಗ. ಕುರ್ಚಿಯೂ ಒಪ್ಪಲಿಲ್ಲ.

"ಏನ್ ಬಿತ್ರಿ ಸಾಹೇಬ್ರ?" ಎಂದು ಕೆಳಗಿನಿಂದ ಮಹಬೂಬಸಾಬರು ಕೇಳಿದರು.

"ಸೌಟು" ಎಂದೆ.

"ಸೌಟು ಇಷ್ಟು ಸಪ್ಪಳ ಮಾಡೂದಿಲ್ರಿ" ಎಂದರು. ಮೇಲೆ ಬರಲೇ ಎಂದೂ ಕೇಳಿದರು. ಬೇಡ ಎಂದು ಕೂಗಿ, ಬಾಗಿಲಿನ ಚಿಲಕ ಹಾಕಿಕೊಂಡೆ.

ಭಾನುವಾರ ಯಾರಿಗೂ ಪರಿಚಯವಿಲ್ಲದ ಜಾಗವೆಂದು ಕೊಪ್ಪಳಕ್ಕೆ ಹೋಗಿ ಒಂದು ಕ್ಷೌರದಂಗಡಿ ಹೊಕ್ಕೆ. ಕ್ಷೌರಿಕ ಪರರನ್ನು ಮುಟ್ಟುವ ವೃತ್ತಿಯವನು, ಬೆನ್ನನ್ನೂ ಮುಟ್ಟಿಯಾನು ಎಂಬ ತರ್ಕ. ಅಂಗಡಿಯಲ್ಲಿ ಏಳು ಮಂದಿ ಕಾಯುತ್ತಿದ್ದರು. ಅವರ ಮುಂದೆ ಅಂಗಿ ಬಿಚ್ಚಿ 'ನನ್ನ ಬೆನ್ನನ್ನು ದಾರದಿಂದ ಮುಟ್ಟಪ್ಪಾ' ಎನ್ನುವುದು ಹೇಗೆ? ಧೈರ್ಯ ತಂದುಕೊಳ್ಳಲು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತೆ. ಕಣ್ಣು ಮುಚ್ಚಿದ್ದನ್ನು ಅವನು ಒಪ್ಪಿಗೆ ಎಂದು ತಿಳಿದ. ಕಣ್ಣು ತೆರೆದಾಗ ನನ್ನ ಬೆನ್ನು ಹಾಗೇ ಇತ್ತು, ಮೀಸೆ ಮಾತ್ರ ಇದ್ದಿಲಿನಂತೆ ಕಪ್ಪಾಗಿತ್ತು. ತಲೆ ಪೂರ್ತಿ ಬಿಳಿ, ಮೀಸೆ ಪೂರ್ತಿ ಕಪ್ಪು. ಒಂದು ಮಚ್ಚೆ ಮುಚ್ಚಲು ಹೋಗಿ ಇನ್ನೊಂದನ್ನು ಮುಖದ ಮೇಲೇ ಹಚ್ಚಿಸಿಕೊಂಡು ಬಂದೆ.

ಉಳಿದದ್ದು ಆಸ್ಪತ್ರೆ. ಗಂಗಾವತಿಯಲ್ಲಿ ಎಲ್ಲರಿಗೂ ನನ್ನ ಗುರುತಿದೆಯೆಂದು ಸೋಮವಾರ ಕುಷ್ಟಗಿಗೆ ಹೋದೆ. ಮುಖಕ್ಕೆ ಟವೆಲ್ ಸುತ್ತಿ ಚರ್ಮದ ವಿಭಾಗದ ಬೆಂಚಿನ ಮೇಲೆ ಕುಳಿತೆ. ವೈದ್ಯರು ಬರಲು ಇನ್ನೂ ಹೊತ್ತಿತ್ತು. ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಮುಚ್ಚಿಡಬೇಡಿ, ಮುಂದೆ ಬನ್ನಿ' ಎಂದಿತ್ತು. ಆ ಘೋಷವಾಕ್ಯ ಬರೆದುಕೊಟ್ಟವನು ನಾನು! ಟವೆಲನ್ನು ಇನ್ನೊಂದು ಸುತ್ತು ಬಿಗಿದೆ.

"ಯಾಕ್ರೀ ಸಾಹೇಬ್ರ, ಹಲ್ಲು ನೋವೇನ್ರಿ?"

ಪಕ್ಕದಲ್ಲಿ ಹನುಮವ್ವ. ಆಸ್ಪತ್ರೆಯಲ್ಲಿ ಕೊಡುವ ಮೆತ್ತನೆಯ ಚಪ್ಪಲಿಗಾಗಿ ಬಂದಿದ್ದಳು. ರೋಗ ಗುಣವಾಗಿ ವರ್ಷಗಳಾಗಿದ್ದರೂ ಆಕೆಯ ಬೆರಳುಗಳು ಮಡಚಿಕೊಂಡೇ ಇದ್ದವು, ಅವಕ್ಕೆ ಬಿಸಿ ತಂಪು ತಿಳಿಯುವುದಿಲ್ಲ. ಟವೆಲ್ ಸುತ್ತಿದ್ದರೂ ಗುರುತು ಹೇಗೆ ಹತ್ತಿತು ಎಂದು ಕೇಳಿದೆ. ನನ್ನ ಮಾದರಿ ಚೀಲವನ್ನು ತೋರಿಸಿದಳು. ಅದರ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರಿತ್ತು.

ಒಂದು ವಾರದಿಂದ ಈ ಮಾತನ್ನು ಯಾರೊಡನೆಯೂ ಆಡಿರಲಿಲ್ಲ. ಆಕೆಯ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಹನುಮವ್ವ ನಗಲಿಲ್ಲ, ದೂರವೂ ಸರಿಯಲಿಲ್ಲ. "ಏಳ್ರಿ" ಎಂದು ಹಿತ್ತಲಿನ ಬೇವಿನ ಮರದ ಕೆಳಗೆ ಕರೆದೊಯ್ದಳು. ಅಂಗಿ ಎತ್ತಿಸಿ, ನನ್ನ ಚೀಲದಲ್ಲಿದ್ದ ಎಳೆಯನ್ನು ಇಸಿದುಕೊಂಡು, ಎರಡು ಅಂಗೈಗಳ ನಡುವೆ ಹಿಡಿದಳು.

"ಕಣ್ಣು ಮುಚ್ಚರಿ. ಮುಟ್ಟಿದ್ದು ತಿಳದಾಗ ಹೂಂ ಅನ್ನರಿ. ಕಳ್ಳಾಟ ಆಡಬ್ಯಾಡ್ರಿ."

ಪ್ರತಿ ಸಲ ಆಕೆಗೆ ನಾನು ಹೇಳುತ್ತಿದ್ದ ಮಾತುಗಳವು. ಕಣ್ಣು ಮುಚ್ಚಿದೆ. ಎಡಕ್ಕೆ ಮುಟ್ಟಿದಳು, ಹೂಂ ಎಂದೆ. ಬಲಕ್ಕೆ ಮುಟ್ಟಿದಳು, ಹೂಂ. ಆಮೇಲೆ ಏನೂ ಇಲ್ಲ. ಬೇವಿನ ಮರದ ಕಾಗೆ ಕೂಗಿತು. ಇನ್ನೂ ಏನೂ ಇಲ್ಲ.

"ಮುಟ್ಟುತ್ತಿದ್ದೀಯಾ ಹನುಮವ್ವ?"

"ನಾಕ್ ಸಲ ಮುಟ್ಟಿದ್ನಿರಿ."

ನನಗೆ ಅಳು ಬಂತು. ಮೀಸೆಗೆ ಕಪ್ಪು ಬಳಿದುಕೊಂಡ ವಿಜ್ಞಾನಿ ಸರ್ಕಾರಿ ಬೇವಿನ ಮರದ ಕೆಳಗೆ ಅಂಗಿ ಎತ್ತಿಕೊಂಡು ಅಳುತ್ತಿದ್ದ. ಅಷ್ಟರಲ್ಲಿ ಬೆನ್ನಿನ ಚರ್ಮವನ್ನೇ ಸುಲಿದಂತೆ ಚುರ್ರೆಂದಿತು. ನಾನು ಕಿರುಚಿದ್ದಕ್ಕೆ ಕಾಗೆ ಹಾರಿಹೋಯಿತು.

ಹನುಮವ್ವ ತನ್ನ ಮಡಚಿದ ಬೆರಳಿನ ಸಂದಿಯಲ್ಲಿ ಮಚ್ಚೆಯನ್ನು ಹಿಡಿದಿದ್ದಳು. ಅದು ಔಷಧ ಅಂಗಡಿಯಲ್ಲಿ ಸಿಗುವ ನೋವಿನ ಪಟ್ಟಿ!

ಆಗ ನೆನಪಾಯಿತು. ಮಾದರಿಗಳ ಪೆಟ್ಟಿಗೆ ಎತ್ತಿ ಬೆನ್ನು ಹಿಡಿದಿತ್ತು. ಅಂಟಿಸುವವರು ಯಾರೂ ಇಲ್ಲದ್ದರಿಂದ, ಪಟ್ಟಿಯನ್ನು ಅಂಟು ಮೇಲಾಗಿ ಮಂಚದ ಮೇಲಿಟ್ಟು, ಗುರಿ ನೋಡಿ ಅದರ ಮೇಲೆ ಮಲಗಿದ್ದೆ. ಬೆಳಗ್ಗೆ ಹಾಸಿಗೆಯಲ್ಲಿ ಸಿಕ್ಕ ಅದರ ಹೊದಿಕೆಯ ಹಾಳೆಯನ್ನೇ ಪಟ್ಟಿಯೆಂದು ತಿಳಿದು, ಅಂಟಲಿಲ್ಲವಲ್ಲ ಎಂದು ಬೈದು ಎಸೆದಿದ್ದೆ. ನಿಜವಾದ ಪಟ್ಟಿ ನೋವಿನ ಜಾಗಕ್ಕೆ ಗೇಣು ದೂರದಲ್ಲಿ ಅಂಟಿತ್ತು.

"ನೋಡಿದ ಕೂಡಲೇ ಹೇಳಬಾರದಿತ್ತೇ?" ಎಂದೆ.

"ಪರೀಕ್ಷಾ ಮುಗಿಯೂತನಾ ಮಾತಾಡಬಾರ್ದು ಅಂತ ನೀವ ಹೇಳಿದ್ರೆಲ್ಲಾ" ಎಂದಳು. ಪಟ್ಟಿಯನ್ನು ನನ್ನ ಕೈಗಿಟ್ಟು ಕೇಳಿದಳು, "ಎಷ್ಟು ದಿನ ಆತ್ರಿ ಹಚ್ಚಿ?"

"ಹದಿನೈದು ದಿನ."

"ಹದಿನೈದು ದಿನ ನಿಮ್ಮ ಬೆನ್ನು ಯಾರೂ ನೋಡಿಲ್ಲೇನ್ರಿ?"

ನಾನು ಅಂಗಿ ಇಳಿಸಿಕೊಂಡೆ. ಆಕೆ ಎಳೆಯನ್ನು ನನಗೆ ಮರಳಿಸಿ, "ನಂದೂ ಹಂಗ ಆತ್ರಿ. ನೋಡವ್ರು ಇದ್ದಿದ್ರ ಬೆರಳು ಉಳೀತಿದ್ವು" ಎಂದಳು. ಆಮೇಲೆ ಚಪ್ಪಲಿಯ ಸರದಿ ತಪ್ಪೀತೆಂದು ಒಳಗೆ ಹೋದಳು. ಆಕೆ ಅಂದು 'ಯಾರೂ ನೋಡಲಿಲ್ರಿ' ಎಂದಾಗ ನಾನು ಒಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅದು ನೆನಪಾಗಿ ನಾಚಿಕೆಯಾಯಿತು.

ಊರಿಗೆ ಬಂದವನೇ ಮಹಬೂಬಸಾಬರಿಗೆ ಹೊಟ್ಟೆ ಸರಿಹೋಯಿತೆಂದು ಹೇಳಿದೆ. ಅವರು ನನ್ನ ಮೀಸೆಯನ್ನು ನೋಡಿ, ಕನ್ಯಾ ನೋಡಲು ಹೋಗಿದ್ದಿರೇನು ಎಂದು ಕೇಳಿದರು.

ಮೇಲೆ ಬಂದು ಒಂದು ನಮೂನೆ ತೆಗೆದು ನನ್ನ ಹೆಸರಿನಲ್ಲೇ ತುಂಬತೊಡಗಿದೆ. ಹನ್ನೊಂದನೆಯ ಪ್ರಶ್ನೆ ಇನ್ನೂ ಅಲ್ಲೇ ಇತ್ತು, ಇನ್ನು ಮುಂದೆಯೂ ಇರುತ್ತದೆ. 'ಮೊದಲು ಕಂಡವರು: ಹನುಮವ್ವ' ಎಂದು ಬರೆದೆ. ಸಂಬಂಧ ಏನೆಂದು ಬರೆಯಬೇಕೋ ತಿಳಿಯಲಿಲ್ಲ. ಬಹಳ ಹೊತ್ತು ಯೋಚಿಸಿ, ಜೇಬಿನಲ್ಲಿದ್ದ ಪಟ್ಟಿಯನ್ನೇ ಆ ಖಾಲಿ ಜಾಗದಲ್ಲಿ ಒತ್ತಿ ಅಂಟಿಸಿದೆ. ಹದಿನೈದು ದಿನ ನನ್ನನ್ನು ಬಿಡದೆ ಅಪ್ಪಿಕೊಂಡಿದ್ದ ಪಟ್ಟಿ, ಕಾಗದವನ್ನು ಅರೆಗಳಿಗೆಯೂ ಹಿಡಿಯದೆ ಜಾರಿ ಬಿತ್ತು.